ಹದಿನೈದೋ, ಹದಿನೇಳೋ

ಕಾಕಾ ಅವರ ವಹಿಯ ನಡುಭಾಗದ ಒಂದು ಪುಟದಲ್ಲಿ ಎರಡು ಅಂಕಿಗಳಿವೆ. ಮೊದಲು ಬರೆದದ್ದು ೧೭. ಅದರ ಮೇಲೊಂದು ಗೀಟು ಎಳೆದು, ಪಕ್ಕದಲ್ಲಿ ಬೇರೆ ಶಾಯಿಯಿಂದ ೧೫ ಎಂದು ಬರೆದಿದ್ದಾರೆ. ಕೆಳಗೆ ಒಂದೇ ಪದ: ‘ಬಿಸಿ’. ಕಾರಣವಿಲ್ಲ, ತಾರೀಖಿಲ್ಲ. ಕಳೆದ ವರ್ಷದ ಮಳೆಗಾಲವಿಡೀ ನಾನು ಈ ಎರಡು ಅಂಕಿಗಳ ನಡುವೆ ಸಿಕ್ಕಿಕೊಂಡಿದ್ದೆ.

ಅಂಗುಲವನ್ನು ಸಾವಿರ ಪಾಲು ಮಾಡಿದರೆ ಬರುವ ಒಂದು ಪಾಲಿಗೆ ಕಾರ್ಖಾನೆಗಳಲ್ಲಿ ‘ಥೌ’ ಎನ್ನುತ್ತಾರೆ. ಎಂಜಿನ್ನಿನ ವಾಲ್ವಿನ ತುದಿಗೂ ಅದನ್ನು ಒತ್ತುವ ರಾಕರ್ ತೋಳಿಗೂ ನಡುವೆ ಬಿಡಬೇಕಾದ ಸಂದು ಹದಿನೇಳು ಥೌ ಇರಬೇಕೋ ಹದಿನೈದು ಥೌ ಇರಬೇಕೋ ಎಂಬುದು ಪ್ರಶ್ನೆ. ವ್ಯತ್ಯಾಸ ಎರಡು ಥೌ, ಅಂದರೆ ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗ. ತಲೆಗೂದಲಿನ ದಪ್ಪಕ್ಕಿಂತ ಹೆಚ್ಚೇನಲ್ಲ. ಇಷ್ಟಕ್ಕಾಗಿ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ ನಾಲ್ಕು ತಿಂಗಳು ಕಳೆದನೆಂದರೆ ನಗುವವರು ನಗಲಿ. ನಾನು ಅದಕ್ಕೂ ಮೊದಲು ಒಂದು ಅಂಕಿಯನ್ನು ನಂಬಿ ಕೆಟ್ಟವನು. ಆ ಕಥೆಯನ್ನೇ ಮೊದಲು ಹೇಳಬೇಕು.

ನನ್ನ ತಂದೆಯ ತಮ್ಮ, ನಾವೆಲ್ಲ ‘ಕಾಕಾ’ ಎಂದೇ ಕರೆಯುವವರು, 1963ರಲ್ಲಿ ಧಾರವಾಡದಿಂದ ಪುಣೆಗೆ ಬಂದರು. ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಅವರಿಗೆ ಕೆಲಸ. ತಯಾರಾದ ಭಾಗಗಳನ್ನು ಅಳೆದು ‘ಸರಿ’ ಅಥವಾ ‘ವಾಪಸ್’ ಎಂದು ಬರೆಯುವುದು. ಮೂವತ್ತೆಂಟು ವರ್ಷ ಅದನ್ನೇ ಮಾಡಿದರು. ಮದುವೆಯಾಗಲಿಲ್ಲ. 1974ರಲ್ಲಿ, ಊರು ಬಿಟ್ಟು ಹೊರಟಿದ್ದ ಒಬ್ಬ ಸಾಹೇಬರಿಂದ, ಓಡದೆ ನಿಂತಿದ್ದ ಒಂದು ಎಂಜಿಎ ಕಾರನ್ನು ಕೊಂಡರು. 1958ರ ಬಿಳಿಯ ಬಣ್ಣದ ಗಾಡಿ, ಎರಡೇ ಸೀಟು. ಬಾಗಿಲಿಗೆ ಹೊರಗಡೆ ಹಿಡಿಕೆಯೇ ಇಲ್ಲ. ಕೈ ಒಳಗೆ ಹಾಕಿ ಬಾಗಿಲಿನ ಜೇಬಿನಲ್ಲಿರುವ ಎಳೆಯನ್ನು ಜಗ್ಗಬೇಕು. ರಜೆಯಲ್ಲಿ ಪುಣೆಗೆ ಬರುತ್ತಿದ್ದ ನಮಗೆ ಆ ಎಳೆ ಜಗ್ಗುವುದೇ ದೊಡ್ಡ ಸಂಭ್ರಮ.

ಎಂಜಿಎ ಇಂಗ್ಲೆಂಡಿನ ಅಬಿಂಗ್ಡನ್ನಿನಲ್ಲಿ 1955ರಿಂದ 1962ರವರೆಗೆ ತಯಾರಾದ ಕಾರು. ಒಟ್ಟು ಒಂದು ಲಕ್ಷಕ್ಕೂ ಮಿಕ್ಕಿ ತಯಾರಾಗಿ, ಬಹುಪಾಲು ಹೊರದೇಶಗಳಿಗೆ ಹೋದವು. ಅದರ ಮೊದಲ ಮಾದರಿಯ ಎಂಜಿನ್ 1489 ಸಿಸಿ. ಈ ಸಂಖ್ಯೆ ನಮ್ಮ ದೇಶದ ಹಳೆಯ ಮಿಸ್ತ್ರಿಗಳಿಗೆ ಬಾಯಿಪಾಠ, ಏಕೆಂದರೆ 1959ರಿಂದ ಉತ್ತರಪಾರಾದ ಅಂಬಾಸಡರಿನ ಬಾನೆಟ್ಟಿನ ಕೆಳಗೆ ಬಂದು ಕುಳಿತದ್ದೂ ಇದೇ ಬಿಎಂಸಿ ‘ಬಿ’ ಸರಣಿಯ 1489 ಸಿಸಿ ಎಂಜಿನ್ನೇ. ಎಂಜಿಎಗೆ ಎರಡು ಎಸ್‌ಯು ಕಾರ್ಬ್ಯುರೇಟರು, ಹೆಚ್ಚಿನ ಕಂಪ್ರೆಷನ್, ವಾಲ್ವುಗಳನ್ನು ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್‌ಶಾಫ್ಟ್; ಶಕ್ತಿ 68, ಆಮೇಲೆ 72 ಅಶ್ವಬಲ. ಅಂಬಾಸಡರಿಗೆ ಒಂದೇ ಕಾರ್ಬ್ಯುರೇಟರು, ಮಂತ್ರಿಗಳನ್ನೂ ಮದುವೆಯ ದಿಬ್ಬಣವನ್ನೂ ಹೊರಬಲ್ಲ ನಿಧಾನದ ಸ್ವಭಾವ. ಒಂದೇ ತಾಯಿಯ ಇಬ್ಬರು ಮಕ್ಕಳು. ಒಬ್ಬ ಓಟಗಾರ, ಇನ್ನೊಬ್ಬ ಸರಕಾರಿ ನೌಕರ. ಕಾಕಾ ಇಪ್ಪತ್ತೈದು ವರ್ಷ ಆ ಗಾಡಿಯನ್ನು ಓಡಿಸಲು ಸಾಧ್ಯವಾದದ್ದು ಈ ನಂಟಿನಿಂದಲೇ. ನನ್ನ ಗೊಂದಲ ಹುಟ್ಟಿದ್ದೂ ಈ ನಂಟಿನಿಂದಲೇ.

1999ರಲ್ಲಿ ಗಾಡಿ ನಿಂತಿತು. ನನಗೆ ಪುಣೆಗೆ ವರ್ಗವಾಗಿ, ಕಾಕಾ ನಮ್ಮ ಮನೆಗೇ ಬಂದು ಇರತೊಡಗಿದ ಮೇಲೆ, 2016ರಲ್ಲಿ ಅದರ ಎಂಜಿನ್ನನ್ನು ಪೂರ್ತಿ ಬಿಚ್ಚಿ ಕಟ್ಟಿಸುವ ಹುರುಪು ನನಗೆ ಬಂತು. ಕಾಕಾ ಪೆಟ್ಟಿಗೆಯಿಂದ ತಮ್ಮ ವಹಿ ತೆಗೆದುಕೊಂಡು ಬಂದರು. ಖಾಕಿ ರಟ್ಟು, ಎಣ್ಣೆಯ ಕಲೆ, ಅಂಕಿಗಳೆಲ್ಲ ಕನ್ನಡದಲ್ಲಿ. “ಇದರಾಗ ಎಲ್ಲಾ ಐತಿ, ನೋಡು” ಎಂದರು.

“ಅದು ಹಳೇದಾತು ಕಾಕಾ, ಇರ್ಲಿ ಬಿಡ್ರಿ. ನನ್ನ ಹಂತ್ಯಾಕ ಟೈಪ್ ಮಾಡಿದ್ದು ಐತಿ” ಎಂದೆ ನಾನು.

ಟೈಪ್ ಮಾಡಿದ್ದು ಎಂದರೆ ಯಾರೋ ಕೊಟ್ಟ ಒಂದು ಹಾಳೆಯ ನೆರಳಚ್ಚಿನ ನೆರಳಚ್ಚು. ಎಡಗಡೆ ಭಾಗದ ಹೆಸರು, ಬಲಗಡೆ ಅಂಕಿ. ಬಹಳ ಅಚ್ಚುಕಟ್ಟಾಗಿತ್ತು. ಕನೆಕ್ಟಿಂಗ್ ರಾಡಿನ ಬಿಗ್ ಎಂಡ್ ಬೋಲ್ಟುಗಳನ್ನು ಎಷ್ಟು ಬಲದಿಂದ ಬಿಗಿಯಬೇಕೆಂಬಲ್ಲಿ ‘35’ ಎಂದಿತ್ತು. ಮೂವತ್ತೈದು ಏನು ಎಂದಿರಲಿಲ್ಲ. ನಾನು ಆಗಷ್ಟೇ ಹೊಸ ಟಾರ್ಕ್ ರೆಂಚ್ ಕೊಂಡಿದ್ದೆ. ಅದರ ಮೇಲಿದ್ದ ಗುರುತು ನ್ಯೂಟನ್ ಮೀಟರಿನದು. ರೆಂಚನ್ನು 35ಕ್ಕೆ ತಿರುಗಿಸಿದೆ, ಎಂಟೂ ಬೋಲ್ಟುಗಳನ್ನು ‘ಕಟಕ್’ ಎನ್ನುವವರೆಗೆ ಬಿಗಿದೆ, ಹೆಮ್ಮೆಪಟ್ಟೆ. ಆ ಮೂವತ್ತೈದು ಪೌಂಡ್ ಫೂಟಿನದು. ನ್ಯೂಟನ್ ಮೀಟರಿನಲ್ಲಿ ಅದು 47 ಆಗುತ್ತದೆ. ಬೇಕಾದ ಬಿಗಿಯ ಮುಕ್ಕಾಲು ಪಾಲಿನಷ್ಟೇ ನಾನು ಬಿಗಿದಿದ್ದೆ.

ಗಾಡಿ ನಾಲ್ಕು ನೂರು ಕಿಲೋಮೀಟರಿನಷ್ಟು ಚೆನ್ನಾಗಿಯೇ ಓಡಿತು. 2017ರ ಜನವರಿಯ ಒಂದು ಭಾನುವಾರ ಬೆಳಿಗ್ಗೆ ಕಾತ್ರಜ್ ಘಾಟಿನ ಏರಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ಕಾಕಾ ಒಮ್ಮೆಲೇ ಕೈ ಎತ್ತಿದರು. “ನಿಲ್ಸು” ಎಂದರು. ನನಗೆ ಏನೂ ಕೇಳಿಸಿರಲಿಲ್ಲ. ತಿರುವು ದಾಟಿ ನಿಲ್ಲಿಸೋಣವೆಂದುಕೊಂಡೆ. ತಿರುವು ದಾಟುವಷ್ಟರಲ್ಲಿ ನನಗೂ ಕೇಳಿಸಿತು: ಒಳಗಿನಿಂದ ಯಾರೋ ಸುತ್ತಿಗೆಯಿಂದ ಬಡಿಯುವ ಸದ್ದು. ಮೂರನೆಯ ಸಿಲಿಂಡರಿನ ಬೇರಿಂಗ್ ಹೋಗಿತ್ತು. ಲಾರಿಗೆ ಕಾಯುತ್ತ ರಸ್ತೆಯ ಬದಿಯ ಕಲ್ಲಿನ ಮೇಲೆ ಕುಳಿತಿದ್ದಾಗ ಕಾಕಾ ಒಂದೇ ಮಾತು ಕೇಳಿದರು.

“ಆ ಅಂಕಿ ಯಾರದು?”

ನನಗೆ ಉತ್ತರ ಗೊತ್ತಿರಲಿಲ್ಲ. ಹಾಳೆಯ ಮೇಲೆ ಯಾರ ಹೆಸರೂ ಇರಲಿಲ್ಲ.

ಬಿಚ್ಚಿ ನೋಡಿದಾಗ ಬಿಗಿ ಸಡಿಲವಾದ ಕಡೆ ಬೇರಿಂಗಿನ ಚಿಪ್ಪುಗಳು ಜಾಗ ಬಿಟ್ಟು ತಿರುಗಿ, ಕ್ರ್ಯಾಂಕ್‌ಶಾಫ್ಟಿನ ನುಣುಪಾದ ಉಕ್ಕಿನ ಮೇಲೆ ಗೀರುಗಳನ್ನು ಕೊರೆದಿದ್ದವು. ಈ ಕ್ರ್ಯಾಂಕಿನ ಬಿಗ್ ಎಂಡ್ ಕಂಬಗಳ ಮೂಲ ವ್ಯಾಸ 1.8759ರಿಂದ 1.8764 ಅಂಗುಲ. ಸವೆದಾಗಲೆಲ್ಲ ಹತ್ತು ಹತ್ತು ಥೌ ಅರೆದು, ಅಷ್ಟೇ ದಪ್ಪನೆಯ ಬೇರಿಂಗ್ ಹಾಕುತ್ತ ಹೋಗುತ್ತಾರೆ: ಹತ್ತು, ಇಪ್ಪತ್ತು, ಮೂವತ್ತು, ನಲವತ್ತು. ನಮ್ಮದು ಆಗಲೇ ಮೂವತ್ತರಲ್ಲಿತ್ತು. ಉಳಿದದ್ದು ಒಂದೇ ಹೆಜ್ಜೆ. ಅದರಲ್ಲೂ ತಪ್ಪಿದರೆ ಆ ಕ್ರ್ಯಾಂಕ್ ಗುಜರಿಗೆ.

ನಾನು ಧೈರ್ಯ ಮಾಡಲಿಲ್ಲ. ಎಂಜಿನ್ನನ್ನು ಗೋಣಿಯಲ್ಲಿ ಸುತ್ತಿ ಇಟ್ಟೆ. ಏಳು ವರ್ಷ ಕಳೆಯಿತು. ಕಾಕಾ ಒಮ್ಮೆಯೂ ನನ್ನನ್ನು ಬೈಯಲಿಲ್ಲ, ವಹಿಯ ಮಾತನ್ನೂ ಎತ್ತಲಿಲ್ಲ. ಎಂಬತ್ತು ದಾಟಿದ ಮೇಲೆ ಅವರಿಗೆ ಮರೆವು ಆರಂಭವಾಯಿತು. ಮೊದಲು ಹೆಸರುಗಳು ಹೋದವು, ಆಮೇಲೆ ವರ್ಷಗಳು. 2024ರ ಯುಗಾದಿಯಂದು ಊಟ ಮಾಡುತ್ತ “ಗಾಡಿ ರಿಪೇರಿಗೆ ಬಿಟ್ಟಿದ್ವಲ್ಲ, ಬಂತೇನು?” ಎಂದು ಕೇಳಿದರು. ಏಳು ವರ್ಷದ ಹಿಂದಿನ ಆ ಭಾನುವಾರ ಅವರಿಗೆ ನಿನ್ನೆ ಮೊನ್ನೆಯದಾಗಿತ್ತು. ನಾನು “ಬರ್ತದ ಕಾಕಾ” ಎಂದುಬಿಟ್ಟೆ.

ಈ ಸಲ ವಹಿಯಿಂದಲೇ ಆರಂಭಿಸಿದೆ. ಆದರೆ ಕಣ್ಣು ಮುಚ್ಚಿ ನಂಬುವುದು ಇನ್ನು ಸಾಧ್ಯವಿರಲಿಲ್ಲ, ವಹಿಯನ್ನೂ ಸಹ. ಎಲ್ಲಿ ಎಲ್ಲಿ ಅಂಕಿಗಳು ಸಿಗುತ್ತವೆಯೋ ಅಲ್ಲೆಲ್ಲ ಹುಡುಕಿ, ಒಂದು ಉದ್ದನೆಯ ಕಾಗದದಲ್ಲಿ ಅಕ್ಕಪಕ್ಕ ಬರೆದುಕೊಂಡೆ. ತಯಾರಕರ ವರ್ಕ್‌ಶಾಪ್ ಕೈಪಿಡಿಯ ಮರುಮುದ್ರಣ ಒಂದು. ಮಾಲೀಕರಿಗಾಗಿ ಕೊಡುತ್ತಿದ್ದ ಚಿಕ್ಕ ಪುಸ್ತಕ ಇನ್ನೊಂದು. ಅನೇಕ ಕಾರುಗಳನ್ನು ಒಟ್ಟಿಗೆ ಸೇರಿಸಿ ಆಮೇಲಿನ ಕಾಲದಲ್ಲಿ ಬರೆದ ಸಾಮಾನ್ಯ ರಿಪೇರಿ ಪುಸ್ತಕಗಳು ಮೂರು. ಅಂಬಾಸಡರಿನ ಸರ್ವಿಸ್ ಪುಸ್ತಕ ಜೂನಾ ಬಜಾರಿನಲ್ಲಿ ಒಂದು ಬುಧವಾರ ಸಿಕ್ಕಿತು. ಹೊಸ ಭಾಗಗಳ ಪೆಟ್ಟಿಗೆಯೊಳಗೆ ಬರುವ ಚೀಟಿಗಳು. ಮತ್ತು ಮಿಸ್ತ್ರಿಗಳ ಬಾಯಿ.

ಬರೆದುಕೊಂಡು ನೋಡಿದರೆ ಒಂದು ವಿಚಿತ್ರ ಕಂಡಿತು. ಹಲವು ಪುಸ್ತಕಗಳು ಒಂದೇ ಮಾತು ಹೇಳುತ್ತಿದ್ದವು. ಆದರೆ ಅವು ಹಲವು ಸಾಕ್ಷಿಗಳಾಗಿರಲಿಲ್ಲ, ಒಂದೇ ಸಾಕ್ಷಿಯ ಪ್ರತಿಧ್ವನಿಗಳಾಗಿದ್ದವು. ಒಂದು ಸಾಮಾನ್ಯ ಪುಸ್ತಕದ ಅಚ್ಚಿನ ತಪ್ಪು ಇನ್ನೊಂದರಲ್ಲಿ ಹಾಗೆಯೇ ಕುಳಿತಿತ್ತು. ಮೂವರು ಹೇಳಿದರೆಂದು ನಂಬಿದ್ದರೆ ಮೂರು ಸಲ ಒಬ್ಬನನ್ನೇ ನಂಬಿದಂತಾಗುತ್ತಿತ್ತು.

ನಮ್ಮ ಬಳಗದ ಗೆಳೆಯರಿಗೆ ಇದು ಹೊಸ ಮಾತಲ್ಲ. ನಾವಿರುವ ಈ ಪುಣೆಯಲ್ಲಿಯೇ ಭಾಂಡಾರಕರ ಸಂಸ್ಥೆಯವರು 1919ರಿಂದ 1966ರವರೆಗೆ ಸಾವಿರಕ್ಕೂ ಮಿಕ್ಕಿದ ಹಸ್ತಪ್ರತಿಗಳನ್ನು ಹೋಲಿಸಿ ಮಹಾಭಾರತದ ಸಂಶೋಧಿತ ಆವೃತ್ತಿಯನ್ನು ಸಿದ್ಧಪಡಿಸಿದರು. ಪ್ರತಿಗಳನ್ನು ಎಣಿಸಬಾರದು, ಅವುಗಳ ವಂಶವನ್ನು ನೋಡಬೇಕು. ಯಾವ ಪ್ರತಿ ಯಾವುದರಿಂದ ಇಳಿದು ಬಂತು ಎಂಬುದು ತಿಳಿದ ಮೇಲೆಯೇ ಪಾಠಾಂತರಕ್ಕೆ ಬೆಲೆ ಕಟ್ಟಬೇಕು ಎಂಬುದು ಗ್ರಂಥಸಂಪಾದನೆಯ ಮೊದಲ ಪಾಠ. ಕಬ್ಬಿಣದ ವಿಷಯದಲ್ಲೂ ಅದೇ ಪಾಠ ಬೇಕಾಗುತ್ತದೆಂದು ನನಗೆ ಹೊಳೆದಿರಲಿಲ್ಲ.

ಹಾಗಾಗಿ ಪ್ರತಿ ಅಂಕಿಗೂ ನಾಲ್ಕು ಪ್ರಶ್ನೆ ಕೇಳತೊಡಗಿದೆ. ಇದು ಯಾವ ಎಂಜಿನ್ನಿನದು? ಯಾವ ಏಕಮಾನದಲ್ಲಿದೆ? ಬಿಸಿಯಲ್ಲಿ ಅಳೆದದ್ದೋ ತಣ್ಣಗಿರುವಾಗ ಅಳೆದದ್ದೋ? ಮೊದಲು ಹೇಳಿದವರು ಯಾರು?

ಮೊದಲ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಎಂಜಿನ್ನಿಗೆ ರಿವೆಟ್ ಹೊಡೆದ ಪುಟ್ಟ ಫಲಕ. ನಮ್ಮದರ ಮೇಲೆ 15ಜಿಬಿ ಎಂದು ಆರಂಭವಾಗುವ ಸಂಖ್ಯೆ ಇದೆ. ಹದಿನೈದು ಎಂದರೆ ಒಂದೂವರೆ ಲೀಟರಿನ ವರ್ಗ, ಜಿ ಎಂದರೆ ಎಂಜಿ ಕಂಪನಿಯದು. ಮುಂದೆ ಬರುವ ಅಕ್ಷರಗಳಲ್ಲಿ ಎಚ್ ಎಂದರೆ ಹೆಚ್ಚಿನ ಕಂಪ್ರೆಷನ್. ಇದು ಮುಖ್ಯ, ಏಕೆಂದರೆ ಅದೇ ಕೈಪಿಡಿಯ ಒಳಗೇ 1500, 1600 ಮತ್ತು ಆಮೇಲಿನ 1622 ಸಿಸಿ ಎಂಜಿನ್ನುಗಳ ಪಟ್ಟಿಗಳು ಒಂದರ ಹಿಂದೊಂದು ಬರುತ್ತವೆ. ಅವಸರದ ಬೆರಳು ಒಂದು ಪುಟ ಮುಂದೆ ಜಾರಿದರೆ ಇನ್ನೊಂದು ಎಂಜಿನ್ನಿನ ಸತ್ಯ ನಮ್ಮ ಎಂಜಿನ್ನಿನ ಸುಳ್ಳಾಗುತ್ತದೆ.

ಕೆಲವು ಅಂಕಿಗಳು ತಮ್ಮ ಸಾಕ್ಷಿಯನ್ನು ತಾವೇ ಹೊತ್ತು ಬರುತ್ತವೆ. ಸಿಲಿಂಡರಿನ ವ್ಯಾಸ 73.025 ಮಿಲಿಮೀಟರ್, ಪಿಸ್ಟನ್ನಿನ ಓಟ 88.9 ಎಂದು ಕೈಪಿಡಿ ಹೇಳುತ್ತದೆ. ವೃತ್ತದ ವಿಸ್ತೀರ್ಣ ತೆಗೆದು, ಓಟದಿಂದ ಗುಣಿಸಿ, ನಾಲ್ಕು ಸಿಲಿಂಡರಿಗೆ ಲೆಕ್ಕ ಹಾಕಿದರೆ 1489 ಸಿಸಿ ಸರಿಯಾಗಿ ಬರುತ್ತದೆ. ಶಾಲೆಯ ಗಣಿತ ಅಷ್ಟು ಸಂತೋಷ ಕೊಟ್ಟದ್ದು ನನಗೆ ಅದೇ ಮೊದಲು. ಬಿಗಿಯುವ ಬಲವನ್ನು ಕೈಪಿಡಿ ಎರಡೆರಡು ಏಕಮಾನಗಳಲ್ಲಿ ಕೊಡುತ್ತದೆ: ಬಿಗ್ ಎಂಡಿಗೆ 35 ಪೌಂಡ್ ಫೂಟ್, ಕಂಸದಲ್ಲಿ 4.83 ಕಿಲೋಗ್ರಾಂ ಮೀಟರ್. ಮೇನ್ ಬೇರಿಂಗಿಗೆ 70 ಮತ್ತು 9.7, ಸಿಲಿಂಡರ್ ಹೆಡ್ಡಿಗೆ 50 ಮತ್ತು 6.9. ಒಂದನ್ನು ಇನ್ನೊಂದಕ್ಕೆ ಬದಲಾಯಿಸಿ ನೋಡಿದರೆ ಅಚ್ಚಿನ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ನನ್ನ ಅಚ್ಚುಕಟ್ಟಾದ ಹಾಳೆಯಲ್ಲಿ ಯಾರೋ ಜಾಗ ಉಳಿಸಲು ಕಿತ್ತು ಹಾಕಿದ್ದು ಈ ಕಂಸವನ್ನೇ ಇರಬೇಕು.

ಇನ್ನು ಕೆಲವು ಅಂಕಿಗಳು ಕಾರಿಗೆ ಸೇರಿದವೇ ಅಲ್ಲ, ಭಾಗಕ್ಕೆ ಸೇರಿದವು. ಪಿಸ್ಟನ್ನಿಗೂ ಸಿಲಿಂಡರಿನ ಗೋಡೆಗೂ ನಡುವಿನ ಸಂದು ಹಾಗಿನದು. 1958ರ ಪಿಸ್ಟನ್ನಿನ ಮಿಶ್ರಲೋಹ ಬೇರೆ, ಅದರ ಆಕಾರ ಬೇರೆ. ಇಂದು ತಯಾರಾದದ್ದು ಬಿಸಿಗೆ ಬೇರೆ ರೀತಿ ಹಿಗ್ಗುತ್ತದೆ. ಇಲ್ಲಿ ಕೈಪಿಡಿಯನ್ನು ಬದಿಗಿಟ್ಟು, ಪಿಸ್ಟನ್ ಮಾಡಿದವರ ಚೀಟಿಯನ್ನು ನಂಬಬೇಕು. ಆದರೆ ಚೀಟಿಯನ್ನೂ ಕುರುಡಾಗಿ ನಂಬುವಂತಿಲ್ಲ. ನಲವತ್ತು ಥೌ ಎಂದು ಮುದ್ರಿಸಿದ್ದ ಪೆಟ್ಟಿಗೆಯಲ್ಲಿ ನಮಗೆ ಬಂದ ಬೇರಿಂಗ್ ಚಿಪ್ಪುಗಳ ಬೆನ್ನ ಮೇಲೆ 030 ಎಂದು ಒತ್ತಿತ್ತು. ಬೇರಿಂಗ್ ಕೈಗೆ ಬರುವ ಮೊದಲೇ ಕ್ರ್ಯಾಂಕನ್ನು ಅರೆಯಲು ಕೊಡಬಾರದು ಎಂದು ವಹಿಯ ಮೊದಲ ಪುಟದಲ್ಲೇ ಕಾಕಾ ಬರೆದಿದ್ದರು. ಅದನ್ನು ಪಾಲಿಸಿದ್ದರಿಂದ ಆ ಸಲ ಬಚಾವಾದೆ. ಪೆಟ್ಟಿಗೆ ವಾಪಸ್ ಹೋಯಿತು.

ನಾನಾ ಪೇಠದ ಹಿಂದಿನ ಗಲ್ಲಿಯಲ್ಲಿ ಒಬ್ಬ ಮಿಸ್ತ್ರಿ ಸಿಕ್ಕರು. ಎಪ್ಪತ್ತರ ಮರಾಠಿ ಮನುಷ್ಯ. ಸರಕಾರಿ ಅಂಬಾಸಡರುಗಳ ಎಂಜಿನ್ ಕಟ್ಟಿಯೇ ಮುದುಕರಾದವರು. ಅವರು ಪುಸ್ತಕ ನೋಡುವುದಿಲ್ಲ. ನನ್ನ ಉದ್ದನೆಯ ಕಾಗದವನ್ನು ನೋಡಿ ನಕ್ಕರು. ಆಮೇಲೆ ಮೈಕ್ರೋಮೀಟರನ್ನು ಕಣ್ಣೆದುರು ಹಿಡಿದು ಕ್ರ್ಯಾಂಕಿನ ನಾಲ್ಕೂ ಕಂಬಗಳನ್ನು ಅಳೆದರು. ಒಂದೊಂದನ್ನೂ ಎರಡು ದಿಕ್ಕಿನಲ್ಲಿ, ಎರಡು ಜಾಗದಲ್ಲಿ. ಹಾಗೆ ಅಳೆದರೆ ಮಾತ್ರ ಕಂಬ ಅಂಡಾಕಾರವಾಗಿದೆಯೋ ಒಂದು ಕಡೆಗೆ ಸಣ್ಣಗಾಗಿದೆಯೋ ತಿಳಿಯುತ್ತದೆ. ಸೀಳು ಬಿಟ್ಟಿದೆಯೇ ಎಂದು ಕಾಂತದ ಪರೀಕ್ಷೆ ಮಾಡಿಸಿದರು. ಬಿಟ್ಟಿರಲಿಲ್ಲ. ಅರೆದಾಗ ಕಂಬದ ಮೂಲೆಯ ದುಂಡನ್ನು ಹಾಗೆಯೇ ಉಳಿಸಬೇಕು, ಅಲ್ಲಿ ಚೂಪಾದರೆ ಕ್ರ್ಯಾಂಕ್ ಮುರಿಯುವುದು ಅಲ್ಲಿಂದಲೇ ಎಂದು ಗ್ರೈಂಡಿಂಗಿನ ಹುಡುಗನಿಗೆ ಮೂರು ಸಲ ಹೇಳಿದರು. ಬೇರಿಂಗಿನಲ್ಲಿ ಎಣ್ಣೆಗೆಂದು ಬಿಡುವ ಸಂದಿಗೆ ಅವರ ಸೂತ್ರ ಸರಳ: ಕಂಬದ ವ್ಯಾಸ ಒಂದು ಅಂಗುಲಕ್ಕೆ ಒಂದು ಥೌ. ನಮ್ಮ ಕಂಬ 1.836 ಅಂಗುಲಕ್ಕೆ ಇಳಿದಿತ್ತು. ಹಾಗಾದರೆ ಎರಡು ಥೌಗಿಂತ ಚೂರು ಕಡಿಮೆ. ಅಳೆದಾಗ ಹಾಗೆಯೇ ಬಂತು. ಬಾಯಿಮಾತು ಎಂದು ತಳ್ಳಿ ಹಾಕುವ ಅಂಕಿಯ ಹಿಂದೆಯೂ ಒಬ್ಬ ಮನುಷ್ಯನ ನಲವತ್ತು ವರ್ಷದ ಕೈ ಇರಬಹುದು.

ಎಲ್ಲ ತೀರಿದ ಮೇಲೆ ಉಳಿದದ್ದು ವಹಿಯ ಆ ಪುಟ. ಎಂಜಿಎ 1500ಕ್ಕೆ, ಎಂಜಿನ್ ಬಿಸಿಯಿದ್ದಾಗ, ಹದಿನೇಳು ಥೌ ಎಂದು ಕೈಪಿಡಿ ಸ್ಪಷ್ಟವಾಗಿ ಹೇಳುತ್ತದೆ. ಕಾಕಾ ಅದನ್ನೇ ಬರೆದು ಆಮೇಲೆ ಹೊಡೆದು ಹಾಕಿದ್ದಾರೆ. ಏಕೆ? ಎಂಜಿಎ 1600ರ ಪಟ್ಟಿಯಲ್ಲಿ ಹದಿನೈದು ಎಂದಿದೆ; ಪುಟ ತಪ್ಪಿ ನೋಡಿದರೇ? ಮಿಸ್ತ್ರಿಯನ್ನು ಕೇಳಿದರೆ ಅವರ ಬಾಯಿಂದಲೂ ಹದಿನೈದೇ ಬಂತು, ಆದರೆ ಅದು ಅಂಬಾಸಡರಿನ ರೂಢಿ. ಮೂವತ್ತೆಂಟು ವರ್ಷ ಅಳತೆಯನ್ನೇ ಉಸಿರಾಡಿದ ಮನುಷ್ಯ ಯಾವುದೋ ಗ್ಯಾರೇಜಿನ ಮಾತು ಕೇಳಿ ಕೈಪಿಡಿಯನ್ನು ಹೊಡೆದು ಹಾಕಿದರೇ? ಹಾಗಿದ್ದರೆ ವಹಿಯ ಉಳಿದ ಅಂಕಿಗಳ ಗತಿಯೇನು? ಸಂದು ಹೆಚ್ಚಾದರೆ ಸದ್ದು, ಸವೆತ. ಕಡಿಮೆಯಾದರೆ ವಾಲ್ವು ತನ್ನ ಪೀಠದ ಮೇಲೆ ಪೂರ್ತಿ ಕೂಡದೆ, ಬಿಸಿ ಬಿಟ್ಟುಕೊಡಲಾರದೆ ಸುಟ್ಟುಹೋಗುತ್ತದೆ.

ಕಾಕಾ ಅವರನ್ನು ಕೇಳಿದೆ. ವಹಿಯನ್ನು ಅವರ ತೊಡೆಯ ಮೇಲಿಟ್ಟು ಆ ಪುಟ ತೆರೆದೆ. ಬೆರಳಿನಿಂದ ಗೀಟನ್ನು ಸವರಿದರು. ಬಹಳ ಹೊತ್ತು ನೋಡಿದರು. “ನನ್ನ ಅಕ್ಷರನ” ಎಂದರು. ಅಷ್ಟೇ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. 2016ರಲ್ಲಿ ಈ ವಹಿಯನ್ನು ಹಿಡಿದುಕೊಂಡು ಬಂದು ನಿಂತಿದ್ದಾಗ ಅವರಿಗೆ ಎಲ್ಲವೂ ನೆನಪಿತ್ತು. ಕೂತು ಕೇಳಿದ್ದರೆ ಪ್ರತಿ ಗೀಟಿನ ಕಥೆಯನ್ನೂ ಹೇಳುತ್ತಿದ್ದರು. ಆ ಅಂಕಿ ಯಾರದು ಎಂದು ನಾನು ಈಗ ಎಲ್ಲರನ್ನೂ ಕೇಳುತ್ತ ತಿರುಗುತ್ತಿದ್ದೇನೆ. ಆದರೆ ಉತ್ತರ ತಾನಾಗಿ ಬಾಗಿಲಿಗೆ ಬಂದಾಗ ‘ಇರ್ಲಿ ಬಿಡ್ರಿ’ ಎಂದು ಕಳಿಸಿದವನು ನಾನೇ.

ಉಳಿದದ್ದು ಎಂಜಿನ್ನನ್ನೇ ಕೇಳುವ ದಾರಿ. ಕ್ರ್ಯಾಂಕ್ ಬಂದು ಕುಳಿತ ಮೇಲೆ, ಹೆಡ್ಡನ್ನು ತಾತ್ಕಾಲಿಕವಾಗಿ ಕೂರಿಸಿ, ಕ್ರ್ಯಾಂಕಿನ ಮೂತಿಗೆ ಡಿಗ್ರಿ ಗುರುತಿನ ಒಂದು ತಟ್ಟೆ ಕಟ್ಟಿದೆವು. ವಾಲ್ವಿನ ನೆತ್ತಿಯ ಮೇಲೆ ಡಯಲ್ ಗೇಜಿನ ಮುಳ್ಳು. ಕೈಯಿಂದ ನಿಧಾನವಾಗಿ ತಿರುಗಿಸುತ್ತ, ವಾಲ್ವು ಯಾವ ಡಿಗ್ರಿಯಲ್ಲಿ ತೆರೆಯುತ್ತದೆ, ಯಾವುದರಲ್ಲಿ ಮುಚ್ಚುತ್ತದೆ, ಎಷ್ಟು ಏಳುತ್ತದೆ ಎಂದು ಬರೆದುಕೊಳ್ಳುವುದು. ಎಂಜಿಎಯ ಕ್ಯಾಮ್ ಆಗಿದ್ದರೆ ಪಿಸ್ಟನ್ ಮೇಲಿನ ತುದಿ ಮುಟ್ಟುವುದಕ್ಕೆ 16 ಡಿಗ್ರಿ ಮೊದಲೇ ಒಳವಾಲ್ವು ತೆರೆದು, ಕೆಳತುದಿ ದಾಟಿ 56 ಡಿಗ್ರಿಗೆ ಮುಚ್ಚಬೇಕು. ನಮ್ಮದು ಹದಿನಾರಕ್ಕೆ ಅಲುಗಲಿಲ್ಲ. ಹತ್ತಕ್ಕೂ ಅಲುಗಲಿಲ್ಲ. ಬಹಳ ತಡವಾಗಿ ತೆರೆದು, ಬಹಳ ಬೇಗ ಮುಚ್ಚಿತು. ಎರಡನೆಯ ಸಲ ತಿರುಗಿಸಿದೆವು. ಅದೇ. ಮಿಸ್ತ್ರಿ ಗೇಜಿನಿಂದ ಮುಖ ಎತ್ತಿ ನನ್ನನ್ನು ನೋಡಿದರು.

“ಅರೆ, ಹಾ ತರ ಅಂಬ್ಯಾಸಿಡರಚಾ!” ಎಂದರು. ಇದು ಅಂಬಾಸಡರಿನ ಕ್ಯಾಮ್!

ಫಲಕ ಸುಳ್ಳು ಹೇಳಿರಲಿಲ್ಲ. ಅದಕ್ಕೆ ಗೊತ್ತಿದ್ದದ್ದು 1958 ಮಾತ್ರ. ಆಮೇಲೆ ಯಾವಾಗಲೋ ಎಂಜಿಎಯ ಕ್ಯಾಮ್‌ಶಾಫ್ಟ್ ಸವೆದುಹೋಗಿರಬೇಕು. ವಿದೇಶದಿಂದ ಒಂದು ಬಿಡಿಭಾಗ ತರಿಸುವುದು ಸಂಬಳದ ಮನುಷ್ಯನ ಕೈಗೆ ಎಟುಕುವ ಮಾತಾಗಿರಲಿಲ್ಲ. ಎಂಜಿನ್ನಿನ ದಾಯಾದಿ ನಾನಾ ಪೇಠದಲ್ಲೇ ಸಿಗುತ್ತಿತ್ತು. ಕಾಕಾ ಕ್ಯಾಮನ್ನು ಬದಲಿಸಿದರು, ಅದರೊಂದಿಗೆ ಅಂಕಿಯನ್ನೂ ಬದಲಿಸಿದರು. ಕ್ಯಾಮಿನ ಉಬ್ಬಿನ ಆರಂಭದಲ್ಲಿ ವಾಲ್ವನ್ನು ಮೆಲ್ಲಗೆ ಎತ್ತುವ ಒಂದು ಇಳಿಜಾರು ಇರುತ್ತದೆ; ಸಂದಿನ ಅಳತೆ ನಿಗದಿಯಾಗುವುದು ಆ ಇಳಿಜಾರಿಗೆ ತಕ್ಕಂತೆ. ಕಾರಿನ ಹೆಸರಿಗೆ ತಕ್ಕಂತಲ್ಲ. ಹದಿನೇಳು ಕೈಪಿಡಿಯ ಎಂಜಿನ್ನಿಗೆ ಸತ್ಯವಾಗಿತ್ತು. ಹದಿನೈದು ಈ ಎಂಜಿನ್ನಿಗೆ ಸತ್ಯವಾಗಿತ್ತು. ವಹಿಯಲ್ಲಿ ತಪ್ಪಿರಲಿಲ್ಲ.

ಸಂಜೆ ಮನೆಗೆ ಬಂದು ಕಾಕಾ ಅವರಿಗೆ ಹೇಳಿದೆ: “ಕ್ಯಾಮ್ ಅಂಬಾಸಡರಿಂದ ಐತಿ ಕಾಕಾ.”

ಅವರ ಮುಖದಲ್ಲಿ ಏನೋ ಸರಿದಾಡಿತು. “ಮುನ್ನೂರು ರೂಪಾಯಿ” ಎಂದರು. ಸ್ವಲ್ಪ ತಡೆದು, “ಸರಕಾರಿ ಗಾಡೀದು. ಮಳಿ ಬರ್ಲಿಕ್ಕತ್ತಿತ್ತು. ಸೈಕಲ್ ಮ್ಯಾಲ ತಂದೆ” ಎಂದರು. ಆಮೇಲೆ ಮತ್ತೆ ಮೌನ. ನಾನು ಆ ಮೂರು ವಾಕ್ಯಗಳನ್ನು ಅಂದೇ ವಹಿಯಲ್ಲಿ, ಗೀಟಿನ ಕೆಳಗೆ, ತಾರೀಖು ಹಾಕಿ ಬರೆದಿಟ್ಟೆ.

ಮೂಲದ ಕ್ಯಾಮನ್ನೇ ತರಿಸಿ ಹಾಕಬೇಕೇ ಎಂಬ ಪ್ರಶ್ನೆ ಬಂತು. ಈಗ ಅದು ಸುಲಭವಾಗಿಯೇ ಸಿಗುತ್ತದೆ. ಶುದ್ಧಪಾಠದ ಪಕ್ಷಪಾತಿಗಳು ಹಾಗೆ ಮಾಡಿಯಾರು. ನಾನು ಮಾಡಲಿಲ್ಲ. ಹಳೆಯ ಕ್ಯಾಮ್ ಇನ್ನೂ ಸವೆದಿರಲಿಲ್ಲ. ಅದರ ಟ್ಯಾಪೆಟ್ಟುಗಳನ್ನು ಇದ್ದ ಜಾಗಕ್ಕೇ ಹಿಂತಿರುಗಿಸಿದೆವು. ಅಬಿಂಗ್ಡನ್ನಿನಲ್ಲಿ ಹುಟ್ಟಿ, ಮಳೆಯಲ್ಲಿ ಸೈಕಲ್ಲಿನ ಮೇಲೆ ಬಂದ ಕ್ಯಾಮಿನಿಂದ ಬದುಕಿದ ಎಂಜಿನ್ ಇದು. ಅದಕ್ಕೆ ಬೇಕಾದದ್ದು ಅದರ ಸ್ವಂತ ಅಂಕಿ.

ಕೈಪಿಡಿಗೂ ವಹಿಗೂ ತಿಳಿಯದ ಸಂಗತಿಗಳೂ ಇದ್ದವು. ಇಬ್ಬರೂ ಬರೆದದ್ದು ಸೀಸ ಬೆರೆತ ಪೆಟ್ರೋಲಿನ ಕಾಲದಲ್ಲಿ. ಸೀಸ ವಾಲ್ವಿನ ಪೀಠಕ್ಕೆ ಒಂದು ಬಗೆಯ ಲೇಪವಾಗಿ ಅದನ್ನು ಕಾಯುತ್ತಿತ್ತು. ನಮ್ಮ ದೇಶದಲ್ಲಿ 2000ದಿಂದ ಆ ಪೆಟ್ರೋಲ್ ಇಲ್ಲ. ಹಾಗಾಗಿ ಹೊಗೆ ಹೊರಹೋಗುವ ವಾಲ್ವುಗಳಿಗೆ ಗಟ್ಟಿ ಉಕ್ಕಿನ ಪೀಠಗಳನ್ನು ಕೂರಿಸಬೇಕಾಯಿತು. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುವುದರಿಂದ ಹಳೆಯ ರಬ್ಬರ್ ಕೊಳವೆಗಳೆಲ್ಲ ಬದಲಾದವು. ಇಂತಹ ಕ್ಯಾಮಿಗೂ ಚಪ್ಪಟೆ ಟ್ಯಾಪೆಟ್ಟಿಗೂ ಉಜ್ಜಾಟ ಹೆಚ್ಚು; ಅದಕ್ಕೆ ಸತುವಿನ ಅಂಶ ಸಾಕಷ್ಟಿರುವ 20ಡಬ್ಲ್ಯು50 ಎಣ್ಣೆಯನ್ನೇ ಹುಡುಕಿ ತಂದೆವು. ವಿಶ್ವಾಸಾರ್ಹ ಅಂಕಿಗೂ ಒಂದು ಕಾಲವಿರುತ್ತದೆ.

ಬಿಗ್ ಎಂಡ್ ಬೋಲ್ಟುಗಳನ್ನು ಈ ಸಲವೂ ನಾನೇ ಬಿಗಿದೆ. ಮಿಸ್ತ್ರಿ ಪಕ್ಕದಲ್ಲಿ ನಿಂತಿದ್ದರು. 47 ನ್ಯೂಟನ್ ಮೀಟರ್. ಎಂಟು ಸಲ ‘ಕಟಕ್’. ಪ್ರತಿ ಸದ್ದಿಗೂ ಕಾತ್ರಜ್ ಘಾಟಿನ ತಿರುವು ಕಣ್ಣ ಮುಂದೆ ಬರುತ್ತಿತ್ತು.

ಕಳೆದ ದೀಪಾವಳಿಯ ಪಾಡ್ಯದ ಬೆಳಿಗ್ಗೆ ಎಂಜಿನ್ ಹೊತ್ತಿಸಿದೆವು. ಮೊದಲು ಪ್ಲಗ್ಗುಗಳನ್ನು ತೆಗೆದು, ಎಣ್ಣೆಯ ಒತ್ತಡದ ಮುಳ್ಳು ಏಳುವವರೆಗೆ ಬರಿದೇ ತಿರುಗಿಸಿದೆವು. ಆಮೇಲೆ ಪ್ಲಗ್ ಹಾಕಿ, ಚೋಕ್ ಎಳೆದು, ಸ್ಟಾರ್ಟರಿನ ಗುಂಡಿಯನ್ನು ಜಗ್ಗಿದೆ. ಎರಡನೆಯ ಜಗ್ಗಿಗೆ ಹಿಡಿಯಿತು. ಒತ್ತಡ 60 ಪೌಂಡಿಗೆ ಏರಿತು. ಬಿಸಿಯಾದ ಮೇಲೆ 50ಕ್ಕೆ ಬಂದು ನಿಂತಿತು. ಹಿಂಬದಿಯಿಂದ ಎರಡು ಹನಿ ಎಣ್ಣೆ ನೆಲಕ್ಕೆ ಬಿತ್ತು. ಈ ಎಂಜಿನ್ನಿನ ಹಿಂದಿನ ಮೇನ್ ಬೇರಿಂಗಿಗೆ ರಬ್ಬರ್ ಸೀಲ್ ಇಲ್ಲ, ಎಣ್ಣೆಯನ್ನು ಒಳಗೆ ತಳ್ಳುವ ಒಂದು ಸುರುಳಿಗೆರೆ ಮಾತ್ರ. ಸೋರುವುದು ಅದರ ಹುಟ್ಟುಗುಣ. ಸೋರದಿದ್ದರೆ ಎಣ್ಣೆಯೇ ಇಲ್ಲವೆಂದು ತಿಳಿಯಿರಿ ಎಂದು ಮಿಸ್ತ್ರಿ ನಕ್ಕರು.

ಬಿಸಿ ಇರುವಾಗಲೇ ಎಂಜಿನ್ ನಿಲ್ಲಿಸಿ, ರಾಕರ್ ಮುಚ್ಚಳ ತೆಗೆದು, ಎಂಟು ವಾಲ್ವುಗಳಿಗೂ ಹದಿನೈದು ಥೌ ಸಂದು ಬಿಟ್ಟೆವು. ಫೀಲರ್ ಗೇಜಿನ ಪಟ್ಟಿ ಬೆಣ್ಣೆಯಲ್ಲಿ ಚಾಕು ಸರಿದಂತೆ, ಆದರೆ ಸ್ವಲ್ಪ ಹಿಡಿದುಕೊಂಡು ಸರಿಯಬೇಕು. ಕೊನೆಯ ವಾಲ್ವಿನ ಸರದಿ ಬಂದಾಗ ಕುರ್ಚಿಯಲ್ಲಿ ಕುಳಿತಿದ್ದ ಕಾಕಾ ಎದ್ದು ಬಂದರು. ನನ್ನ ಕೈಯಿಂದ ಪಟ್ಟಿಯನ್ನು ತೆಗೆದುಕೊಂಡರು. ನಡುಗುವ ಕೈ; ಆದರೆ ಪಟ್ಟಿ ಸಂದಿನೊಳಗೆ ಹೋದ ಕೂಡಲೇ ನಡುಕ ನಿಂತಿತು. ಎರಡು ಸಲ ಎಳೆದು ನೋಡಿದರು.

“ಎಷ್ಟು ಇಟ್ಟೀ?” ಎಂದು ಕೇಳಿದರು.

“ಹದಿನೈದು.”

“ಬಿಸಿ?”

“ಬಿಸಿ.”

“ಸರಿ” ಎಂದರು, ಟೂಲ್ ರೂಮಿನಲ್ಲಿ ಮೂವತ್ತೆಂಟು ವರ್ಷ ಬರೆದ ಅದೇ ಪದ. ಪಟ್ಟಿಯನ್ನು ಅಂಗಿಯ ತುದಿಯಲ್ಲಿ ಒರೆಸಿ ನನಗೆ ಹಿಂತಿರುಗಿಸಿದರು. ಆಮೇಲೆ ಗಾಡಿಯ ಎಡಬದಿಗೆ ಹೋಗಿ, ಯಾರೂ ಹೇಳದೆಯೇ, ಬಾಗಿಲಿನೊಳಗೆ ಕೈ ಹಾಕಿ ಎಳೆಯನ್ನು ಜಗ್ಗಿದರು.